ಐಲಿಯ ಮನೆಯ ಚಳಿ ದೃಢೀಕರಣ

ಹಾಪಸಲ್ಮಿ ಪಟ್ಟಣದಲ್ಲಿ ಯಾವ ಮನೆಯೂ ತಾನಾಗಿ ತಣ್ಣಗಾಗುವಂತಿಲ್ಲ. ಹಳೇ ಮರದ ಮನೆಗಳ ಸಂರಕ್ಷಣಾ ಕಚೇರಿಯವರು ಬಂದು, ಅಳೆದು, ಬರೆದುಕೊಟ್ಟ ಮೇಲಷ್ಟೇ ಆ ಮನೆಯಲ್ಲಿ ಚಳಿ ಇರತಕ್ಕದ್ದು. ಅಲ್ಲಿಯವರೆಗೆ ನಡುಗುವುದು ಆಯಾ ನಿವಾಸಿಯ ಖಾಸಗಿ ವಿಚಾರ.

ಐಲಿ ರೌತಿಯೊಗೆ ಎಪ್ಪತ್ತೊಂದು ವರ್ಷ. ಮೂವತ್ತು ವರ್ಷ ಪೇಟೆ ಚೌಕದಲ್ಲಿ ಉಣ್ಣೆ ದಾರದ ಅಂಗಡಿ ನಡೆಸಿದವಳು; ಗಿರಾಕಿ ಬಾಗಿಲು ತಳ್ಳುವ ರೀತಿಯಲ್ಲೇ ಅವನು ಕೊಳ್ಳಲು ಬಂದವನೋ ಮುಟ್ಟಿ ನೋಡಲು ಬಂದವನೋ ಹೇಳಬಲ್ಲವಳು. ಅವಳ ಉತ್ತರದ ಕೋಣೆಯ ಕಿಟಕಿ ಚೌಕಟ್ಟು ಕೊಳೆತು ಬೆರಳಗಲ ಸಂದು ಬಿಟ್ಟಿತ್ತು. ಅದರ ಕೆಳಗೇ ಮನೆಯ ನೀರಿನ ಕೊಳವೆ. ಜನವರಿಯ ಗಾಳಿ ಆ ಸಂದಿನಲ್ಲಿ ನುಗ್ಗಿದರೆ ಕೊಳವೆ ಹೆಪ್ಪುಗಟ್ಟಿ ಸೀಳುತ್ತದೆ, ನೆಲ ಎದ್ದುಬರುತ್ತದೆ, ಐಲಿ ಮನೆಗೆ ಬೀಗ ಹಾಕಿ ವಸಂತದವರೆಗೆ ನಾದಿನಿಯ ಮನೆ ಸೇರಬೇಕಾಗುತ್ತದೆ. ನಾದಿನಿ ಗಂಟೆಗೊಂದು ಕಾಯಿಲೆ ಹೇಳಿಕೊಳ್ಳುವವಳು.

ಚೌಕಟ್ಟು ಬದಲಿಸಲು ಚಳಿ ದೃಢೀಕರಣ ಪತ್ರ ಬೇಕು. ಸಂದಿಗೆ ಹತ್ತಿ ತುರುಕಿ ಮೇಲೆ ಕಾಗದ ಅಂಟಿಸಲಿಕ್ಕೂ ಬೇಕು. ಕೋಣೆ ಹದಿನಾರು ಡಿಗ್ರಿಗಿಂತ ಕೆಳಗಿದೆಯೆಂದು ಅಧಿಕಾರಿಗಳ ಸಮ್ಮುಖದಲ್ಲಿ ಸಾಬೀತಾದರೆ ಪತ್ರ ಸಿಗುತ್ತದೆ.

ಅಕ್ಟೋಬರಿನಲ್ಲಿ ತಪಾಸಣಾಧಿಕಾರಿ ಟೌನೊ ಹಿರ್ವಿಕಾಂಗಸ್ ನಾಲ್ವರನ್ನು ಕರೆದುಕೊಂಡು ಬಂದರು. ಉಷ್ಣಮಾಪಕ ಹಿಡಿಯುವವನು, ಅದನ್ನು ಓದುವವಳು, ಓದಿದ್ದನ್ನು ಬರೆಯುವವನು, ಬರೆದದ್ದು ಸರಿಯೆಂದು ತಲೆಯಾಡಿಸುವವಳು. ಎಲ್ಲರೂ ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲಿ ಉತ್ತರದ ಕೋಣೆಗೆ ಹೋಗಿ ಕುಳಿತರು. ಮನೆಗೆ ಬಂದವರಿಗೆ ಕಾಫಿ ಕೊಡದೆ ಕೆಲಸದ ಮಾತು ಎತ್ತುವ ಪದ್ಧತಿ ಆ ಸೀಮೆಯಲ್ಲಿಲ್ಲ. ಐಲಿ ಅಡುಗೆಮನೆಯ ಕಟ್ಟಿಗೆ ಒಲೆ ಹಚ್ಚಿದಳು. ಒಲೆಗೂ ಕೋಣೆಗೂ ಇರುವುದು ಒಂದೇ ಇಟ್ಟಿಗೆ ಗೋಡೆ; ಆದರೆ ದಿನವಿಡೀ ಉರಿಸುವಷ್ಟು ಕಟ್ಟಿಗೆ ಅವಳ ಬಳಿ ಇರಲಿಲ್ಲ. ತಲಾ ಎರಡು ಬಟ್ಟಲು ಕಾಫಿ, ಒಂದೊಂದು ಏಲಕ್ಕಿ ಬನ್ನು ಮುಗಿಯುವಷ್ಟರಲ್ಲಿ ಮಾಪಕ ಹತ್ತೊಂಬತ್ತು ತೋರಿಸಿತು.

"ಬೆಚ್ಚಗೇ ಇದೆಯಲ್ಲ ಐಲಕ್ಕ, ನಂಗಂತೂ ಬೆವರು ಬಂತು," ಅಂದರು ಟೌನೊ.

"ಒಲೆ ಹಚ್ಚಿದ್ದು ನಿಮ್ಮ ಕಾಫಿಗೆ ಸಾಹೇಬ್ರೆ. ನೀವಿಲ್ದಾಗ ಬಂದು ನೋಡಿ, ಒಂಬತ್ತಿರುತ್ತೆ."

"ನಾವಿಲ್ದಾಗ ನಾವು ಹೇಗಕ್ಕ ಬರೋದು?"

ಐಲಿ ಮರುತಪಾಸಣೆಗೆ ಅರ್ಜಿ ಬರೆದುಕೊಟ್ಟಳು. ಯಾರೂ ಇಲ್ಲದಾಗ ಅಳೆಯಲು ನಮೂನೆಯಲ್ಲಿ ಜಾಗವಿರಲಿಲ್ಲವಾದ್ದರಿಂದ ಏಳು ಮಂದಿ ಬಂದರು. ಈ ಸಲ ಅವಳು ಪಕ್ಕದ ಮನೆಯಲ್ಲಿ ಕಾಫಿ ಮಾಡಿಸಿ ಫ್ಲಾಸ್ಕಿನಲ್ಲಿ ತರಿಸಿದ್ದಳು.

"ಫ್ಲಾಸ್ಕು ಕಾಡಿಗೆ ಹೋಗೋವಾಗ ಸರಿ," ಅಂದರು ಟೌನೊ ಮೆಲ್ಲಗೆ. "ಮನೇಲಿ ಕೂರಿಸಿ ಫ್ಲಾಸ್ಕ್ ಕಾಫಿ ಕೊಟ್ರೆ, ಬೇಗ ಎದ್ದು ಹೋಗಿ ಅಂದ ಹಾಗಾಗುತ್ತೆ."

ಒಲೆ ಹಚ್ಚಲಾಯಿತು. ಇಪ್ಪತ್ತು ಡಿಗ್ರಿ.

ಮೂರನೆಯ ಸಲ ಒಂಬತ್ತು ಮಂದಿ. ಐಲಿ ಗಟ್ಟಿ ಮನಸ್ಸು ಮಾಡಿ ಏನೂ ಕೊಡದೆ ಕುಳಿತಳು. ಅವರೂ ಕುಳಿತರು. ಯಾರೂ ಏನೂ ಕೇಳಲಿಲ್ಲ, ಕೇಳುವುದು ಮರ್ಯಾದೆಯಲ್ಲ. ಐವತ್ತು ನಿಮಿಷವಾದ ಮೇಲೆ ಬರೆಯುವವನು ನಮೂನೆಯನ್ನು ಅವಳತ್ತ ತಿರುಗಿಸಿದ. ಮೊದಲ ಕಲಮು: 'ಕಾಫಿ ಮುಗಿದ ಸಮಯ.' ಅದು ತುಂಬದೆ ಎರಡನೆಯದಕ್ಕೆ ಹೋಗುವಂತಿರಲಿಲ್ಲ. ಐಲಿ ಎದ್ದು ಒಲೆ ಹಚ್ಚಿದಳು.

ಮರುದಿನ ನೆರೆಯ ಎಸ್ಕೊ ಹಿಮ ತಳ್ಳುತ್ತಿದ್ದವನು ಬೇಲಿಯ ಮೇಲಿಂದ ಕೇಳಿದ: "ಏನಕ್ಕ, ಸರ್ಕಾರಕ್ಕೇ ಕಾಫಿ ಕೊಡ್ಲಿಲ್ವಂತೆ?"

"ಕೊಟ್ಟೆ ಕಣೋ. ಸ್ವಲ್ಪ ತಡ ಆಯ್ತು."

"ಊರೆಲ್ಲಾ ಅದೇ ಮಾತು. ನಮ್ಮತ್ತೆ ಸತ್ತಾಗ್ಲೂ ಜನ ಇಷ್ಟು ಮಾತಾಡ್ಲಿಲ್ಲ."

ವಾರದಲ್ಲಿ ಪತ್ರ ಬಂತು. 'ಸದರಿ ಕೋಣೆಯು ಮೂರು ಬಾರಿ ಬೆಚ್ಚಗಿರುವುದು ಸಾಬೀತಾಗಿರುವುದರಿಂದ ಇದನ್ನು ಮಾದರಿ ಬೆಚ್ಚನೆಯ ಕೋಣೆಯೆಂದು ಘೋಷಿಸಿದೆ. ಚೌಕಟ್ಟನ್ನು ಮುಟ್ಟತಕ್ಕದ್ದಲ್ಲ. ಆಕ್ಷೇಪಣೆಯಿದ್ದಲ್ಲಿ ನಿಯಮಾವಳಿ ನೋಡುವುದು.'

ಐಲಿ ನೋಡಿದಳು. ಸಗಟು ವ್ಯಾಪಾರಿಯ ಕರಾರನ್ನು ಓದುವಂತೆ ಕೊನೆಯ ಪುಟದಿಂದ ಓದಿದಳು. ಆಕ್ಷೇಪಣೆ ಬಂದ ದಿನವೇ ತಪಾಸಣೆ ನಡೆಯತಕ್ಕದ್ದು. ಪ್ರತಿ ಆಕ್ಷೇಪಣೆಗೆ ಅಧಿಕಾರಿಗಳ ಸಂಖ್ಯೆ ಹಿಂದಿನದಕ್ಕಿಂತ ಕಡಿಮೆಯಾಗತಕ್ಕದ್ದಲ್ಲ. ತಪಾಸಣೆಯ ಅವಧಿಯ ಉರುವಲು ಕಚೇರಿಯದ್ದು. ಪುಸ್ತಕ ಮುಚ್ಚಿ, ಕಾಗದ ಪೆನ್ನು ತೆಗೆದುಕೊಂಡಳು. ಬಂದವರು ಕೊಳ್ಳುವುದಿಲ್ಲ, ಎದ್ದು ಹೋಗುವುದೂ ಇಲ್ಲ ಅಂದಮೇಲೆ ಅವರನ್ನೇ ಉಪಯೋಗಿಸಿಕೊಳ್ಳಬೇಕು.

ಅಂದಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಆಕ್ಷೇಪಣೆ. ಅಧಿಕಾರಿಗಳು ಒಂಬತ್ತರಿಂದ ಹದಿನಾಲ್ಕಾದರು; ಬಂದುಹೋಗಿ ಬೇಸತ್ತು, ಹಾಸಿಗೆ ತಂದು ಅಲ್ಲೇ ಉಳಿದರು. ಜನವರಿಯಲ್ಲಿ ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ. ಒಳಗೆ ಕಚೇರಿಯ ಕಟ್ಟಿಗೆ, ಕಚೇರಿಯ ಹದಿನಾಲ್ಕು ಮೈಗಳ ಬಿಸಿ. ಕೊಳವೆಯಲ್ಲಿ ನೀರು ಜುಳುಜುಳು ಹರಿಯಿತು.

ಹೆಪ್ಪುಗಟ್ಟಿದ್ದು ಕಚೇರಿಯ ಕೊಳವೆ. ಅಲ್ಲಿ ಯಾರೂ ಇರಲಿಲ್ಲವಲ್ಲ. ಕೊಳವೆ ಸೀಳಿ, ಕಡತಗಳೆಲ್ಲ ಒಂದೇ ಮಂಜುಗಡ್ಡೆಯಾದವು.

"ರಿಪೇರಿ ಮಾಡಿಸ್ಬಹುದಲ್ಲ ಸಾಹೇಬ್ರೆ," ಅಂದಳು ಐಲಿ, ಟೌನೊಗೆ ಕಾಫಿ ಬಗ್ಗಿಸುತ್ತ.

"ಅದೂ ಹಳೇ ಮರದ ಕಟ್ಟಡ ಅಲ್ವಾ ಅಕ್ಕ. ಚಳಿ ದೃಢೀಕರಣ ಆಗ್ಬೇಕು. ಅಲ್ಲಿ ಹೋಗಿ ಕೂರೋಣ ಅಂದ್ರೆ ಕಾಫಿಗೆ ಒಲೆ ಇಲ್ಲ."

ಹೀಗಾಗಿ ಸಂರಕ್ಷಣಾ ಕಚೇರಿಯು ಐಲಿಯ ಉತ್ತರದ ಕೋಣೆಗೆ ಸ್ಥಳಾಂತರಗೊಂಡಿತು. ಬಾಗಿಲು ತೆರೆದರೆ ಬಿಸಿ ಹೋಗುತ್ತದೆಂದು ಸಾರ್ವಜನಿಕರು ಅರ್ಜಿಗಳನ್ನು ಕಿಟಕಿಯ ಸಂದಿನಲ್ಲಿ ಒಳಗೆ ತೂರಿಸತಕ್ಕದ್ದೆಂದು ಪ್ರಕಟಣೆ ಹೊರಬಿತ್ತು. ಸಂದು ಮಡಿಸಿದ ಅರ್ಜಿಗೆ ಸರಿಯಾಗಿ ಹೊಂದುತ್ತದೆ. ಸಾರ್ವಜನಿಕ ಸೇವೆಯ ದೃಷ್ಟಿಯಿಂದ ಅದನ್ನು ಶಾಶ್ವತವಾಗಿ ಮುಚ್ಚುವಂತಿಲ್ಲ.

ಬೀದಿಯಲ್ಲಿ ಸಾಲು ನಿಂತಿತು. ಎಲ್ಲರದ್ದೂ ಕಿಟಕಿ ಸಂದಿನ ಅರ್ಜಿಯೇ. ಮೊದಲಿಗ ಎಸ್ಕೊ.

"ನಮ್ಮನೇಗೂ ಆರು ಜನ ಸಿಗ್ತಾರಾ ಅಕ್ಕ?" ಅಂತ ಹೊರಗಿನಿಂದ ಸಂದಿಗೆ ಬಾಯಿಟ್ಟು ಕೇಳಿದ. "ಸ್ವಲ್ಪ ದಪ್ಪಗಿರೋರು."

"ಬರೆದು ಕೊಡಪ್ಪ," ಅಂದಳು ಐಲಿ ಒಳಗಿನಿಂದ. "ಸಾಹೇಬ್ರು ಕಾಫಿ ಮುಗಿಸಿ ನೋಡ್ತಾರೆ."