ಕೆಂಪು ಕೊಲ್ಲಿಯ ತಳದರ್ಶನ

ಸಮುದ್ರಕ್ಕೆ ತಳವಿದೆ ಎಂಬುದನ್ನು ಸರ್ಕಾರ ತಾತ್ವಿಕವಾಗಿ ಒಪ್ಪಿಕೊಂಡಿದೆ. ಆದರೆ ಯಾವ ಕೊಲ್ಲಿಗೆ ಎಂಥ ತಳವಿದೆ, ಅಲ್ಲಿ ಯಾರು ಯಾರು ವಾಸವಾಗಿದ್ದಾರೆ, ಅವರನ್ನು ಕಾಪಾಡುವುದು ಸಾರ್ವಜನಿಕ ಹಿತಕ್ಕೆ ಅಗತ್ಯವೇ ಎಂಬುದೆಲ್ಲ ವಿಡಿಯೊ ಸಾಕ್ಷ್ಯದಿಂದಲೇ ರುಜುವಾತಾಗತಕ್ಕದ್ದು. ಈ ಘನಕಾರ್ಯಕ್ಕಾಗಿ ಸ್ಕಾಟ್ಲೆಂಡಿನಲ್ಲಿ ಕಡಲತಳ ದರ್ಶನ ಮಂಡಳಿ ಸ್ಥಾಪನೆಯಾಯಿತು. ಅದರ ಕಚೇರಿಯನ್ನು ಸಮುದ್ರ ಕಾಣಿಸದ ಒಂದು ಬೀದಿಯಲ್ಲಿ ಇಡಲಾಯಿತು. ಕಿಟಕಿಯಿಂದ ಸಮುದ್ರ ಕಂಡರೆ ಸಿಬ್ಬಂದಿಯ ನಿಷ್ಪಕ್ಷಪಾತತೆಗೆ ಧಕ್ಕೆ ಬರುತ್ತದಂತೆ.

ಹ್ಯಾರಿಸ್ ದ್ವೀಪದ ಟಾರ್ಮಡ್‌ಗೆ ಇಂಥ ಮಂಡಳಿಯೊಂದು ಇದೆ ಎಂದು ಗೊತ್ತಾದದ್ದು ಫಾರ್ಕರ್‌ನ ದೆಸೆಯಿಂದ. ಟಾರ್ಮಡ್ ಮೂವತ್ತು ವರ್ಷಗಳಿಂದ ಕೆಂಪು ಕೊಲ್ಲಿಯಲ್ಲಿ ಬುಟ್ಟಿ ಇಳಿಸಿ ಏಡಿ ಹಿಡಿಯುವವನು. ಫಾರ್ಕರ್ ದೊಡ್ಡ ದೋಣಿಯವನು. ಅವನ ದೋಣಿಯ ಹಿಂದೆ ಕಬ್ಬಿಣದ ಹಲ್ಲುಗಳಿರುವ ಉದ್ದನೆಯ ಕುಂಟೆ. ಹೊಲಕ್ಕೆ ಕುಂಟೆ ಹೊಡೆದ ಹಾಗೆ ಸಮುದ್ರದ ತಳವನ್ನು ಕೆರೆದು, ಹೂತುಕೊಂಡಿರುವ, ತಿನ್ನುವ ಜಾತಿಯ ದೊಡ್ಡ ಚಿಪ್ಪುಗಳನ್ನು ಬಾಚಿ ತರುವುದು ಅವನ ಕಸುಬು. ಚಿಪ್ಪಿನ ಜೊತೆಗೆ ಏನೇನು ಬರುತ್ತದೋ ಅದೆಲ್ಲ ಸತ್ತು ಮತ್ತೆ ನೀರಿಗೇ ಬೀಳುತ್ತದೆ. ಆ ವರ್ಷ ಫಾರ್ಕರ್ ಕೆಂಪು ಕೊಲ್ಲಿಗೂ ಪರವಾನಗಿ ಕೇಳಿ ಅರ್ಜಿ ಹಾಕಿದ.

ಕೊಲ್ಲಿಯ ತಳದಲ್ಲಿರುವುದು ಕಲ್ಲಿನಂತೆ ಗಟ್ಟಿಯಾದ ಕೆಂಪು ಪಾಚಿ. ವರ್ಷಕ್ಕೆ ಒಂದು ಅಕ್ಕಿಕಾಳಿನ ದಪ್ಪ ಬೆಳೆದರೆ ಹೆಚ್ಚು. ಅದರ ಸಂದುಗಳಲ್ಲಿ ಏಡಿಮರಿಗಳು ಬೆಳೆಯುತ್ತವೆ, ಬೆಳೆದವು ಟಾರ್ಮಡ್‌ನ ಬುಟ್ಟಿಗೆ ಬರುತ್ತವೆ. ಅದನ್ನು ಒಮ್ಮೆ ಕೆರೆದರೆ ಅವನ ಮೊಮ್ಮಕ್ಕಳ ಕಾಲಕ್ಕೂ ಚಿಗುರುವುದಿಲ್ಲ. ಟಾರ್ಮಡ್ ಮಂಡಳಿಗೆ ಬರೆದ. ಮಂಡಳಿ ಎಂಟು ತಿಂಗಳಲ್ಲಿ, ಅಂದರೆ ತುರ್ತಾಗಿ, ಉತ್ತರಿಸಿತು: ಕೊಲ್ಲಿಯಲ್ಲಿ ಜೀವವಿರುವುದು ವಿಡಿಯೊದಲ್ಲಿ ಕಂಡುಬಂದಲ್ಲಿ ಸಂರಕ್ಷಣೆ ನೀಡಲಾಗುವುದು, ಈ ಬೇಸಿಗೆಯೊಳಗೆ ಕಂಡುಬಾರದಿದ್ದಲ್ಲಿ ಕೊಲ್ಲಿಯನ್ನು ನಿರ್ಜೀವವೆಂದು ಭಾವಿಸಿ ಫಾರ್ಕರ್ ಅವರ ಅರ್ಜಿಯನ್ನು ಸಹಾನುಭೂತಿಯಿಂದ ಪರಿಗಣಿಸಲಾಗುವುದು.

ಅಲ್ಲಿಯ ಬೇಸಿಗೆ ಅರ್ಧ ಕಳೆದ ಜುಲೈನಲ್ಲಿ ಸಮೀಕ್ಷಾಧಿಕಾರಿ ಪ್ರಿಂಗಲ್ ಸಾಹೇಬರು ಕ್ಯಾಮೆರಾದೊಡನೆ ಬಂದಿಳಿದರು. ಕ್ಯಾಮೆರಾ ಒಂದು ಕಬ್ಬಿಣದ ಚೌಕಟ್ಟಿನಲ್ಲಿ ಎರಡು ದೀಪಗಳ ನಡುವೆ ಕುಳಿತಿತ್ತು. ಸಾಹೇಬರು ಅದಕ್ಕೆ ಹೊದಿಸಲು ಉಣ್ಣೆಯ ಶಾಲು ತಂದಿದ್ದರು, ತಮಗೆ ತಂದಿರಲಿಲ್ಲ. ಅಲೆ ಇದ್ದರೆ ಚಿತ್ರ ಅಲ್ಲಾಡುತ್ತದೆ, ಆದ್ದರಿಂದ ಸಮುದ್ರ ಸಂಪೂರ್ಣ ಶಾಂತವಾಗಿದ್ದಾಗ ಮಾತ್ರ ಕ್ಯಾಮೆರಾ ಓಡತಕ್ಕದ್ದು ಎಂಬುದು ನಿಯಮ. ಹ್ಯಾರಿಸ್‌ನ ಸಮುದ್ರಕ್ಕೂ ಒಂದು ನಿಯಮವಿದೆ. ಅದು ಸೋಮವಾರದಿಂದ ಶನಿವಾರದವರೆಗೆ ಮೈಮೇಲೆ ಬಂದಂತೆ ಕುಣಿದು, ಭಾನುವಾರ ಮಾತ್ರ ತಟ್ಟೆಯಲ್ಲಿಟ್ಟ ಹಾಲಿನಂತೆ ಸುಮ್ಮನಿರುತ್ತದೆ. ಭಾನುವಾರ ಹ್ಯಾರಿಸ್‌ನಲ್ಲಿ ಯಾರೂ ದೋಣಿಯ ಹಗ್ಗ ಮುಟ್ಟುವುದಿಲ್ಲ. ಒಗೆದ ಬಟ್ಟೆಯನ್ನು ಹೊರಗೆ ಒಣಹಾಕುವುದಿಲ್ಲ. ಟಾರ್ಮಡ್‌ನ ಅಜ್ಜಿ ಹುಂಜವೂ ದೇವರ ದಿನವನ್ನು ಪಾಲಿಸಲೆಂದು ಶನಿವಾರ ಸಂಜೆಯೇ ಅದನ್ನು ಬುಟ್ಟಿಯಡಿ ಮುಚ್ಚಿಡುತ್ತಿದ್ದಳು.

ಮೂರು ಭಾನುವಾರ ಸಾಹೇಬರು ದಂಡೆಯಲ್ಲಿ ನಿಂತು ಕನ್ನಡಿಯಂಥ ನೀರನ್ನು ನೋಡಿ ನಿಟ್ಟುಸಿರು ಬಿಟ್ಟರು. ನಾಲ್ಕನೆಯ ವಾರ ಟಾರ್ಮಡ್ ಪಾದ್ರಿಗಳ ಮನೆಗೆ ಹೋದ.

"ಪಾದ್ರಿಗಳೇ, ಕ್ಯಾಮೆರಾ ಭಾನುವಾರ ಕೆಲಸ ಮಾಡಿದ್ರೆ ಪಾಪವಾ?"

ಪಾದ್ರಿಗಳು ಚಹಾದ ಬಟ್ಟಲನ್ನು ಕೆಳಗಿಟ್ಟು ಆಳವಾಗಿ ಯೋಚಿಸಿದರು. "ಕ್ಯಾಮೆರಾ ನಮ್ಮ ಚರ್ಚಿನ ಸಭೆಯ ಸದಸ್ಯ ಅಲ್ಲ. ಆದ್ರೆ ಅದನ್ನ ಇಳಿಸೋನು ನೀನು. ನೀನು ಸದಸ್ಯ."

"ಶನಿವಾರ ಸಂಜೆನೇ ಇಳಿಸಿ ಬಿಟ್ರೆ?"

"ಶನಿವಾರ ಹೊತ್ತಿಸಿದ ಒಲೆ ಭಾನುವಾರ ಉರಿದ್ರೆ ತಪ್ಪಿಲ್ಲ. ಅದನ್ನ ಕೊಲ್ಲಿ ತುಂಬ ಎಳೆದಾಡೋರು ಯಾರು?"

"ಯಾರೂ ಇಲ್ಲ. ತೇಲುಬುರುಡೆಗೆ ಕಟ್ಟಿಬಿಡ್ತೀನಿ. ಉಬ್ಬರ ಇಳಿತ ಎತ್ತ ಎಳೀತದೋ ಅತ್ತ ಹೋಗ್ಲಿ."

"ಉಬ್ಬರ ಇಳಿತ ದೇವರ ಕೆಲಸ," ಎಂದರು ಪಾದ್ರಿಗಳು. "ಅವನಿಗೆ ನಾವು ರಜೆ ಕೊಡೋಕಾಗಲ್ಲ."

ಹಾಗೆ ಶನಿವಾರ ಸಂಜೆ ಇಳಿದ ಕ್ಯಾಮೆರಾ ಭಾನುವಾರವಿಡೀ ಪಾಪವಿಲ್ಲದೆ ಕೊಲ್ಲಿಯ ಉದ್ದಗಲ ಓಡಾಡಿತು. ಸೋಮವಾರ ಬೆಳಿಗ್ಗೆ ಅದನ್ನು ಎತ್ತಿ ತಂದು ಶಾಲೆಯ ಕೋಣೆಯಲ್ಲಿ ಪರದೆ ಕಟ್ಟಿದರು. ಟಾರ್ಮಡ್‌ನ ಹೆಂಡತಿ ಪೇಗಿ ಓಟ್ಸ್ ರೊಟ್ಟಿ, ಬೆಣ್ಣೆ ತಂದಳು.

ಟಾರ್ಮಡ್ ಮೂವತ್ತು ವರ್ಷ ಆ ಕೊಲ್ಲಿಯನ್ನು ಹಗ್ಗದ ತುದಿಯಿಂದಷ್ಟೇ ಬಲ್ಲವನು. ಈಗ ಮೊದಲ ಸಲ ಕಣ್ಣಾರೆ ಕಂಡ. ಕೆಂಪು ಪಾಚಿಯ ದಿಬ್ಬಗಳು, ಅವುಗಳ ಮೇಲೆ ಒಂದರ ಮೈಮೇಲೆ ಒಂದು ಕೈಚಾಚಿ ಮಲಗಿದ ಸಾವಿರಾರು ನಕ್ಷತ್ರಮೀನು, ಓಲಾಡುವ ಕಡಲಸೊಪ್ಪು, ಸೊಪ್ಪಿನ ಮರೆಯಿಂದ ಇಣುಕುವ ಏಡಿಮರಿಗಳು. ಒಂದು ದೊಡ್ಡ ಏಡಿ ಕ್ಯಾಮೆರಾವನ್ನೇ ಹತ್ತಿ ಕುಳಿತು, ಬಹಳ ಹೊತ್ತು ತನ್ನ ಹೊಟ್ಟೆಯನ್ನು ಪ್ರದರ್ಶಿಸಿತು. ಅವನ ಕಣ್ಣು ತುಂಬಿಬಂತು. ಇಷ್ಟು ಚೆಂದದ ಮನೆಯಿಂದ ನಾನು ದಿನವೂ ಊಟ ತರುತ್ತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಪ್ರಿಂಗಲ್ ಸಾಹೇಬರು ದೀಪ ಹಾಕಿದರು. ಅವರ ಮುಖ ಬಾಡಿತ್ತು. "ಕ್ಷಮಿಸಿ. ಪ್ರಯೋಜನ ಇಲ್ಲ. ತಳ ಕಾಣ್ತಿಲ್ಲ."

"ಏನು ಕಾಣ್ತಿಲ್ಲ?"

"ತಳ. ಇದು ತಳದ ಸಮೀಕ್ಷೆ. ಚಿತ್ರದಲ್ಲಿ ನೂರಕ್ಕೆ ಎಂಬತ್ತು ಭಾಗ ತಳ ನಿರಾತಂಕವಾಗಿ ಗೋಚರಿಸತಕ್ಕದ್ದು ಅಂತ ನಿಯಮ. ಇಲ್ಲಿ ಎಲ್ಲಿ ನೋಡಿದ್ರೂ ಏನಾದ್ರೊಂದು ಅಡ್ಡ ಬರ್ತಿದೆ."

"ಅಡ್ಡ ಬರ್ತಿರೋದೇ ಜೀವ ಸಾಹೇಬ್ರೇ! ಅದನ್ನ ಉಳಿಸಿ ಅಂತ್ಲೇ ನಾನು ಬರ್ದಿದ್ದು."

"ಮಂಡಳಿ ಜೀವಿಗಳ ವಿರೋಧಿ ಅಲ್ಲ," ಸಾಹೇಬರು ಬಹಳ ಮೃದುವಾಗಿ ಹೇಳಿದರು. "ಆದ್ರೆ ನಾವು ಕಾಪಾಡೋದು ವಾಸಸ್ಥಾನವನ್ನ. ವಾಸ ಮಾಡೋರೇ ಮುಂದೆ ಬಂದು ನಿಂತ್ರೆ ವಾಸಸ್ಥಾನ ಹೇಗೆ ಕಾಣ್ಬೇಕು, ನೀವೇ ಹೇಳಿ."

"ಹಾಗಾದ್ರೆ ನಮ್ಮ ಮನೆ ನೋಡೋಕೆ ಬರೋ ಮುಂಚೆ ಹೇಳಿ," ಎಂದಳು ಪೇಗಿ. "ಇವನನ್ನ ಹೊರಗೆ ಕಟ್ಟಿಹಾಕಿರ್ತೀನಿ."

ಸಾಹೇಬರು ಅದನ್ನು ಉಪಯುಕ್ತ ಸಲಹೆಯೆಂದು ಗುರುತು ಹಾಕಿಕೊಂಡರು. ಆಮೇಲೆ ವರದಿ ಬರೆದರು. ದೃಶ್ಯದ ಗುಣಮಟ್ಟ: ಶೂನ್ಯ. ಕಂಡುಬಂದ ಜೀವ: ಅಡಚಣೆಯ ಕಾರಣ ನಿರ್ಧರಿಸಲಾಗಿಲ್ಲ.

ಆದರೆ ಮಂಡಳಿ ಕಲ್ಲುಹೃದಯದ್ದಲ್ಲ. ಇಂಥ ಸಂದರ್ಭಕ್ಕೆಂದೇ ಅದರ ನಿಯಮಗಳಲ್ಲಿ 'ಗೋಚರತಾ ಸುಧಾರಣೆ' ಎಂಬ ಅವಕಾಶವಿತ್ತು. ಸ್ಥಳೀಯರ ಒಪ್ಪಿಗೆ ಪಡೆದು, ಮಾನ್ಯತೆ ಪಡೆದ ಸಲಕರಣೆಯಿಂದ ತಳದ ಮೇಲಿನ ಅಡಚಣೆಗಳನ್ನು ಒಂದು ಸಲ, ಒಂದೇ ಒಂದು ಸಲ, ನಿವಾರಿಸಿ ಮರುಸಮೀಕ್ಷೆ ನಡೆಸಬಹುದು. ಅಂಥ ಸಲಕರಣೆ ಇಡೀ ದ್ವೀಪದಲ್ಲಿ ಒಬ್ಬನ ಬಳಿ ಇತ್ತು.

"ಯಾರ ಹತ್ರ?" ಎಂದು ಕೇಳಿದ ಟಾರ್ಮಡ್, ಗೊತ್ತಿದ್ದೂ.

"ಫಾರ್ಕರ್ ಅವರ ಹತ್ರ. ತುಂಬಾ ಸಹಕಾರ ಮನೋಭಾವದವರು. ಪರಿಸರಕ್ಕೆ ಅಂದ್ರೆ ತಕ್ಷಣ ಒಪ್ಕೊಂಡ್ರು."

ಆ ದಿನ ಸಂಜೆ ಗಂಡಹೆಂಡಿರು ಒಲೆಯ ಮುಂದೆ ಕುಳಿತರು. ಟಾರ್ಮಡ್ ತನ್ನ ಜೀವಮಾನದಲ್ಲಿ ಅಷ್ಟು ತರ್ಕಬದ್ಧವಾಗಿ ಹಿಂದೆಂದೂ ಯೋಚಿಸಿರಲಿಲ್ಲ.

"ನೋಡು ಪೇಗಿ, ನಾನು ಆಗಲ್ಲ ಅಂದ್ರೆ ಫಾರ್ಕರ್‌ಗೆ ಪರವಾನಗಿ ಸಿಗ್ತದೆ. ವರ್ಷವರ್ಷ ಬಂದು ಕೆರೀತಾನೆ. ಒಪ್ಪಿದ್ರೆ ಒಂದೇ ಸಲ ಕೆರೀತಾನೆ. ಆಮೇಲೆ ಅವನಪ್ಪ ಬಂದ್ರೂ ಕೊಲ್ಲಿ ಮುಟ್ಟೋಹಾಗಿಲ್ಲ."

"ಒಂದು ಸಲ ಕೆರೆದ್ಮೇಲೆ ಅಲ್ಲಿ ಇನ್ನೇನಿರ್ತದೆ ಅಂತ ಅವನಪ್ಪ ಬರ್ತಾನೆ?"

"ಸಂರಕ್ಷಣೆ ಇರ್ತದಲ್ಲ!"

ಪೇಗಿ ಅವನ ಮುಖವನ್ನೇ ನೋಡಿದಳು. "ಅಲ್ಲ ಕಣೋ, ಕಳ್ಳ ಬರ್ತಾನೆ ಅಂತ ನೀನೇ ಅವನ ಕೈಯಲ್ಲಿ ಮನೆ ಗುಡಿಸಿ ಸಾರಿಸಿ, ಆಮೇಲೆ ಬೀಗ ಹಾಕ್ಸ್ತೀಯಾ?"

"ಬೀಗ ಸರ್ಕಾರದ್ದು," ಎಂದ ಟಾರ್ಮಡ್. ಅವನ ದನಿ ತೆಳ್ಳಗಾಗಿತ್ತು. ಬೇಸಿಗೆ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಮರುದಿನ ಅವನು ಒಪ್ಪಿಗೆ ಕೊಟ್ಟ.

ಅಂಚೆ ಕಚೇರಿಯ ಬಾಗಿಲಿಗೆ ಪ್ರಕಟಣೆ ಬಿತ್ತು: "ಕೆಂಪು ಕೊಲ್ಲಿಯಲ್ಲಿ ವಾಸಿಸುತ್ತಿರುವ ಸಮಸ್ತ ಜೀವಿಗಳ ಹಿತದೃಷ್ಟಿಯಿಂದ ಅವುಗಳನ್ನು ಬರುವ ಮಂಗಳವಾರ ತೆರವುಗೊಳಿಸಲಾಗುವುದು. ಆಕ್ಷೇಪಣೆಗಳಿದ್ದಲ್ಲಿ ಖುದ್ದಾಗಿ ಹಾಜರಾಗಿ ಸಲ್ಲಿಸತಕ್ಕದ್ದು." ಯಾವ ಏಡಿಯೂ ಹಾಜರಾಗಲಿಲ್ಲ. ಇದನ್ನು ಸರ್ವಾನುಮತವೆಂದು ದಾಖಲಿಸಲಾಯಿತು.

ಮಂಗಳವಾರದಿಂದ ಶುಕ್ರವಾರದವರೆಗೆ ಫಾರ್ಕರ್ ಕೊಲ್ಲಿಯಲ್ಲಿ ಕುಂಟೆ ಹೊಡೆದ. ಒಂದು ಮೂಲೆಯನ್ನೂ ಬಿಡಲಿಲ್ಲ. ಕೆಲಸದಲ್ಲಿ ಅವನದು ಎತ್ತಿದ ಕೈ. ಬಂದ ಚಿಪ್ಪುಗಳನ್ನು 'ಅಡಚಣೆ ವಿಲೇವಾರಿ' ಎಂಬ ತಲೆಬರಹದಡಿ ಗ್ಲಾಸ್ಗೋ ಹೋಟೆಲುಗಳಿಗೆ ವಿಲೇವಾರಿ ಮಾಡಿದ. ಆ ನಾಲ್ಕು ದಿನವೂ ಟಾರ್ಮಡ್ ಮನೆಯ ಹಿಂದೆ ಕುಳಿತು ಹರಿಯದ ಬಲೆ ಹೊಲಿದ. ದೋಣಿಯ ಸರಪಳಿ ಕರಕರ ಎನ್ನುವುದು ಅಲ್ಲಿಗೂ ಕೇಳುತ್ತಿತ್ತು. ಪೇಗಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದ.

ಶನಿವಾರ ಸಂಜೆ ಕ್ಯಾಮೆರಾ ಮತ್ತೆ ಇಳಿಯಿತು, ಸೋಮವಾರ ಮೇಲೆ ಬಂತು. ಶಾಲೆಯ ಕೋಣೆಯಲ್ಲಿ ಈ ಸಲ ಊರೇ ನೆರೆದಿತ್ತು. ಪರದೆಯ ಮೇಲೆ ಬೂದು ಜಲ್ಲಿ. ಮತ್ತಷ್ಟು ಬೂದು ಜಲ್ಲಿ. ಕುಂಟೆಯ ಹಲ್ಲುಗಳು ಎಳೆದ ನೇರ ಗೆರೆಗಳು. ಒಮ್ಮೆ ಒಂದು ಮುರಿದ ಚಿಪ್ಪು ಹಾದುಹೋಯಿತು. ಸಾಹೇಬರ ಹುಬ್ಬು ಗಂಟಿಕ್ಕಿತು, ಅಷ್ಟರಲ್ಲಿ ನೀರೇ ಅದನ್ನು ಪಕ್ಕಕ್ಕೆ ಸರಿಸಿತು. ಕ್ಯಾಮೆರಾವನ್ನು ಯಾರೂ ಹತ್ತಲಿಲ್ಲ.

"ಅದ್ಭುತ!" ಪ್ರಿಂಗಲ್ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ತಳ ನೋಡಿಲ್ಲ."

"ನಾನೂ ನೋಡಿರ್ಲಿಲ್ಲ," ಎಂದ ಟಾರ್ಮಡ್.

ಗುಣಮಟ್ಟ ಅತ್ಯುತ್ತಮ. ದೇಶದಲ್ಲೇ ಅಪರೂಪವಾದ ಶಾಂತ, ಶುಚಿ, ಜನಸಂದಣಿರಹಿತ ವಾಸಸ್ಥಾನವೆಂದು ಕೆಂಪು ಕೊಲ್ಲಿಗೆ ಮೊದಲ ದರ್ಜೆಯ ಸಂರಕ್ಷಣೆ ಸಿಕ್ಕಿತು. ಅದರ ಈಗಿನ ಸ್ಥಿತಿಗೆ ಯಾವುದೇ ಬದಲಾವಣೆ ಆಗದಂತೆ ಶಾಶ್ವತವಾಗಿ ಕಾಪಾಡುವುದು ಮಂಡಳಿಯ ಹೊಣೆ. ದಂಡೆಯ ಮೇಲೆ ಫಲಕ ನಿಂತಿತು. ಫಲಕದ ಮೇಲೆ ಒಂದು ಕೆಂಪು ಏಡಿಯ ಚಿತ್ರ. ಅನಾವರಣದ ದಿನ ಪಾದ್ರಿಗಳು ಪ್ರಾರ್ಥನೆ ಮಾಡಿದರು, ಪ್ರಿಂಗಲ್ ಸಾಹೇಬರು ಫಾರ್ಕರ್‌ಗೆ ಪರಿಸರಮಿತ್ರ ಎಂಬ ಪದಕ ತೊಡಿಸಿದರು. ಫಾರ್ಕರ್ ತನ್ನ ಭಾಷಣದಲ್ಲಿ, ಇನ್ನು ಮುಂದೆ ಕೆಂಪು ಕೊಲ್ಲಿಯಲ್ಲಿ ಒಂದೇ ಒಂದು ಚಿಪ್ಪನ್ನೂ ಹಿಡಿಯುವುದಿಲ್ಲ ಎಂದು ಬೈಬಲ್ ಮುಟ್ಟಿ ಆಣೆ ಮಾಡಿದ. ಇಂದಿನವರೆಗೂ ಆ ಮಾತಿಗೆ ತಪ್ಪಿಲ್ಲ.

ಟಾರ್ಮಡ್ ಬುಟ್ಟಿಗಳನ್ನು ಇಳಿಸುತ್ತಾನೆ, ಎತ್ತುತ್ತಾನೆ. ಇಳಿಸುವಾಗ ಇಟ್ಟ ಮೀನಿನ ತುಂಡು ಎತ್ತುವಾಗಲೂ ಹಾಗೇ ಇರುತ್ತದೆ. ಒಂದು ರೀತಿಯಲ್ಲಿ ಉಳಿತಾಯ. ಮೊದಮೊದಲು ಪೇಗಿ ಚುಚ್ಚುತ್ತಿದ್ದಳು, ಈಗ ಅವಳೂ ಪೇಟೆಯಿಂದ ಡಬ್ಬಿಯ ಏಡಿ ತರುವುದನ್ನು ರೂಢಿಸಿಕೊಂಡಿದ್ದಾಳೆ.

ಮುಂದಿನ ವಸಂತದಲ್ಲಿ ಪಕ್ಕದ ಕೊಲ್ಲಿಯ ಈವನ್ ಹುಡುಕಿಕೊಂಡು ಬಂದ. ಅವನೂ ಬುಟ್ಟಿಯವನೇ. ಅವನ ಕೊಲ್ಲಿಯ ಮೇಲೂ ಬೇರೆ ದ್ವೀಪದ ಯಾರೋ ಕುಂಟೆಯವರ ಕಣ್ಣು ಬಿದ್ದಿತ್ತು. ಟೋಪಿಯನ್ನು ಕೈಯಲ್ಲಿ ತಿರುವುತ್ತ ಬಾಗಿಲಲ್ಲೇ ನಿಂತ.

"ಟಾರ್ಮಡ್ ಅಣ್ಣ, ನಿನ್ನ ಕೊಲ್ಲಿ ಉಳಿಸ್ಕೊಂಡ್ಯಲ್ಲ, ಪುಣ್ಯವಂತ. ನನಗೂ ದಾರಿ ಹೇಳು. ನಮ್ಮಲ್ಲೂ ತಳ ಕಾಣದಷ್ಟು ಏಡಿ ಇದೆ."

ಟಾರ್ಮಡ್ ಕಿಟಕಿಯಾಚೆ ನೋಡಿದ. ಭಾನುವಾರವಾದ್ದರಿಂದ ಸಮುದ್ರ ಸುಮ್ಮನಿತ್ತು. ಫಲಕದ ಮೇಲಿನ ಏಡಿ ಬಿಸಿಲಿಗೆ ಸ್ವಲ್ಪ ಮಾಸಿತ್ತು. ಪೇಗಿ ಚಹಾ ಸುರಿಯುತ್ತಿದ್ದವಳು ಕೈ ತಡೆದು ಗಂಡನ ಕಡೆ ನೋಡಿದಳು.

"ಈಗ್ಲೇ ಹೋಗಿ ಫಾರ್ಕರ್‌ನ ಗೊತ್ತು ಮಾಡ್ಕೋ," ಎಂದ ಟಾರ್ಮಡ್. "ತಡ ಮಾಡ್ಬೇಡ. ಎಲ್ಲ ಕೊಲ್ಲಿಯೋರೂ ಅವನನ್ನೇ ಕರೀತಿದಾರೆ, ಬಿಡುವೇ ಇಲ್ವಂತೆ."

ಈವನ್ ಕೃತಜ್ಞತೆಯಿಂದ ಅವನ ಎರಡೂ ಕೈ ಹಿಡಿದುಕೊಂಡ. ಈಗಲೇ ಹೋಗುತ್ತೇನೆ ಎಂದು ಬಾಗಿಲವರೆಗೆ ಹೋದವನು, ಇವತ್ತು ಭಾನುವಾರ ಎಂಬುದು ನೆನಪಾಗಿ ಬೆಚ್ಚಿ, ಮರಳಿ ಬಂದು ಕುಳಿತ. ಪಾಪದ ಕೆಲಸವನ್ನು ಭಾನುವಾರ ಮಾಡುವವರು ಹ್ಯಾರಿಸ್‌ನಲ್ಲಿ ಯಾರೂ ಇಲ್ಲ. ಸೋಮವಾರ ಬೆಳಿಗ್ಗೆ ಹೋದ.