ಕುಬೇರನನ್ನು ಗುಡಿಗೆ ಹೊತ್ತ ಮೇಷ್ಟ್ರು

ಆ ಭಾನುವಾರ ಬೆಳಿಗ್ಗೆ ಎರಡನೇ ಲೋಟ ಕಾಫಿ ಮುಗಿಸಿ, ಲೋಟವನ್ನು ನೆಲಕ್ಕೆ ಕುಕ್ಕಿ, ವರದರಾಜ ಮೇಷ್ಟ್ರು ಘೋಷಿಸಿದರು:

"ಇವತ್ತು ಊಟದ ಹೊತ್ತಿಗೆ ಚೆಲುವಿ ಸಾಮಾನೆಲ್ಲ ಒಂದೇ ಒಂದು ಟ್ರಂಕಿನೊಳಗೆ ಹೋಗಿ ಕೂತಿರುತ್ತೆ. ಇಲ್ಲದಿದ್ದರೆ ನಾನು ಮೇಷ್ಟ್ರೇ ಅಲ್ಲ."

ಒಲೆಯ ಮುಂದಿದ್ದ ಹೆಂಡತಿ ಯದುಗಿರಿ ತಿರುಗಿ ಸಹ ನೋಡಲಿಲ್ಲ. "ಮೇಷ್ಟ್ರಾಗಿದ್ದುಕೊಂಡೇ ಮಾಡಿ. ಸಂಬಳ ಬೇಕು."

ಮೇಷ್ಟ್ರ ಈ ಭೀಷ್ಮ ಪ್ರತಿಜ್ಞೆಗೆ ಕಾರಣವಿತ್ತು. ಹಳೇಬೀಡಿನ ಮಿಡ್ಲ್ ಸ್ಕೂಲಿನಲ್ಲಿ ಚರಿತ್ರೆ ಹೇಳಿ ಹೇಳಿ ಗಂಟಲು ಸವೆಸಿಕೊಂಡ ಅವರಿಗೆ ಅರಸೀಕೆರೆಯ ಕಡೆಗೆ ಹೆಡ್‌ಮಾಸ್ಟರಾಗಿ ಬಡ್ತಿ ಸಿಗುವುದರಲ್ಲಿತ್ತು. ಆರ್ಡರು ಇವತ್ತೋ ನಾಳೆಯೋ ಬರಬೇಕು. ಬಂದ ದಿನವೇ ಗಾಡಿ ಕಟ್ಟಿಸಿ ಹೊರಡಬೇಕು. ಊರವರೆಲ್ಲ ಜಗಲಿಯ ಮೇಲೆ ನಿಂತು ನೋಡುವಾಗ ಹೆಡ್‌ಮಾಸ್ಟರ ಗಾಡಿಯ ಮೇಲೆ ಮಗಳು ಚೆಲುವಿಯ ಹುಣಸೆಬೀಜದ ಗಂಟು, ಕೈಯಿಲ್ಲದ ಗೊಂಬೆ ಕಂಡರೆ ಏನು ಚೆನ್ನ? ಮೇಲಾಗಿ, ಸ್ಕೂಲಿನ ಭೂಪಟದ ಬೀರುವನ್ನು ಓರಣ ಮಾಡಿ ಇನ್‌ಸ್ಪೆಕ್ಟರ ಹೊಗಳಿಕೆ ಪಡೆದವರು ಅವರು. ಆ ಹೊಗಳಿಕೆಯನ್ನು ಯದುಗಿರಿ ವಾರಕ್ಕೊಮ್ಮೆಯಾದರೂ ಕೇಳಿಸಿಕೊಳ್ಳಬೇಕಾಗಿತ್ತು.

"ಅವಳು ಗೆಳತಿ ಮನೆಗೆ ಊಟಕ್ಕೆ ಹೋಗಿದಾಳೆ. ಬರಲಿ, ಕೇಳಿ ಮಾಡಿ" ಎಂದಳು ಯದುಗಿರಿ.

"ಕೇಳಿದರೆ ಯಾವುದನ್ನ ಬೇಡ ಅಂತಾಳೆ? ಸಾಮಾನಿನ ಒಡೆಯರನ್ನ ಕೇಳಿಕೊಂಡು ಯಾರಾದರೂ ಮನೆ ಓರಣ ಮಾಡಿದ್ದುಂಟೇನೆ?"

"ಹಾಗಾದರೆ ನಿಮ್ಮ ಟ್ರಂಕನ್ನ ನಾನು ಕೇಳದೇ ಓರಣ ಮಾಡಲೇ?"

"ಅದರ ಮಾತು ಬೇರೆ. ಅದರಲ್ಲಿರೋದು ದಾಖಲೆ."

ಆ ದಾಖಲೆಗಳೆಂದರೆ ಹಳೇ ಕ್ಯಾಲೆಂಡರುಗಳು, ಬರಿದಾದ ಇಂಕು ಬಾಟಲಿಗಳು, ಮುಳ್ಳಿಲ್ಲದ ಗಡಿಯಾರ ಮತ್ತು ಜೊತೆ ತಪ್ಪಿದ ಒಂದು ಬೂಟು.

ಮೇಷ್ಟ್ರು ಪಂಚೆ ಎತ್ತಿ ಕಟ್ಟಿದರು. ಸೀಮೆಸುಣ್ಣದಿಂದ ನಡುಮನೆಯ ನೆಲದ ಮೇಲೆ ಮೂರು ವೃತ್ತ ಬರೆದು ಒಳಗೆ 'ಬೇಕು', 'ಕೊಡು', 'ಬಿಸಾಡು' ಎಂದು ದುಂಡಗೆ ಬರೆದರು. "ಈ ಮನೆಯಲ್ಲಿ ಇಟ್ಟದ್ದು ಇಟ್ಟ ಕಡೆ ಇರೋಲ್ಲ. ನನ್ನ ಕೈವಾರ ಎಲ್ಲಿ? ಛತ್ರಿ ಕಡ್ಡಿ ಎಲ್ಲಿ? ಕೈವಾರ ಕದ್ದ ಅಂತ ಸ್ಕೂಲ್ ಜವಾನನ್ನ ಬೈದು ಆಯ್ತು. ಇನ್ನು ಮೇಲೆ ಇಲ್ಲಿ ಶಿಸ್ತು" ಎಂದರು.

ಆಮೇಲೆ ಚೆಲುವಿಯ ಸಾಮ್ರಾಜ್ಯ ಹೊರಬಿತ್ತು. ಬಳೆಚೂರು ತುಂಬಿದ ಕರಡಿಗೆ, ಬಸ್ ಟಿಕೇಟುಗಳ ಕಂತೆ, ನಾಲಿಗೆಯಿಲ್ಲದ ಎತ್ತಿನ ಗಂಟೆ, ಆಟದ ಮರದ ಒನಕೆ ಒರಳು, ಸೋಪಿನ ಮೇಲಿನ ಕಾಗದಗಳು, ಮರಿ ಹಾಕಲೆಂದು ಪುಸ್ತಕದೊಳಗೆ ಮಲಗಿಸಿದ್ದ ನವಿಲುಗರಿ. ಹತ್ತು ವರ್ಷದ ಹುಡುಗಿಗೆ ಇಷ್ಟೊಂದು ಆಸ್ತಿಯೇ ಎಂದು ಅಪ್ಪ ಬೆರಗಾದರು. ನವಿಲುಗರಿ 'ಬಿಸಾಡು'ವಿಗೆ ಹೋಯಿತು. ಗಂಟೆ ಹೋಯಿತು. ಒರಳು ಹೋಯಿತು. 'ಬೇಕು' ಎಂಬ ವೃತ್ತದಲ್ಲಿ ಒಂದು ಸ್ಲೇಟು ಮಾತ್ರ ಒಂಟಿಯಾಗಿ ಕೂತಿತ್ತು.

ಕೊನೆಗೆ ಮಂಚದ ಕೆಳಗಿನಿಂದ ಒಂದು ತುಪ್ಪದ ಡಬ್ಬ ಎಳೆದರು. ಅದು ಸುಲಭಕ್ಕೆ ಬರಲಿಲ್ಲ. ಎರಡೂ ಕೈ ಹಾಕಿ ಎಳೆದು ಮುಚ್ಚಳ ತೆಗೆದರೆ ಹಳೇ ಸೀರೆಯ ಚಿಂದಿಯಲ್ಲಿ ಸುತ್ತಿದ ಗಂಟುಗಳು. ಮೊದಲನೆಯದನ್ನು ಬಿಚ್ಚಿದರು. ಕಲ್ಲಿನ ಹಂಸ. ಎರಡನೆಯದರಲ್ಲಿ ಸೊಂಡಿಲು ಮುರಿದ ಆನೆ. ಮೂರನೆಯದರಲ್ಲಿ ಬಳೆ ತೊಟ್ಟ ಒಂದು ಕೈ. ಎಲ್ಲಾ ಎಣ್ಣೆ ಹಚ್ಚಿ ಉಜ್ಜಿದ ಕರಿಬೂದು ಬಣ್ಣ. ತಳದಲ್ಲಿ ಹೊಟ್ಟೆ ಬಿಟ್ಟುಕೊಂಡು, ಬಾಯಿ ತೆರೆದುಕೊಂಡು ಕೂತ ಒಬ್ಬ ಗಿಡ್ಡ ಮನುಷ್ಯ.

ಮೇಷ್ಟ್ರು ಅವನನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಂದರು.

"ಕುಬೇರ" ಎಂದರು, ಕ್ಷೀಣವಾಗಿ.

"ಯಾರು?" ಯದುಗಿರಿ ಸೌಟು ಹಿಡಿದೇ ಬಂದಳು.

"ಕುಬೇರ ಕಣೇ. ಹೊಟ್ಟೆ ನೋಡು. ಕಂಕುಳಲ್ಲಿ ಗದೆ ನೋಡು. ಕಣ್ಣಿನ ಸುತ್ತ ಎರಡು ಬಳೆ ಬಿಡಿಸಿದಾರಲ್ಲ, ಅದು ಉಗ್ರದೃಷ್ಟಿಯ ಲಕ್ಷಣ. ಕಿವಿ ಇಲ್ಲ, ಮಳೆಗಾಳಿಗೆ ಸವೆದು ಹೋಗಿದೆ. ಎಂಟುನೂರು ವರ್ಷದ್ದು! ನಿನ್ನ ಮಗಳು ದೇವಸ್ಥಾನದ ಗೋಡೆ ಕಿತ್ತುಕೊಂಡು ಬಂದಿದಾಳೆ."

ಯದುಗಿರಿ ಆ ಕುಬೇರನನ್ನು ನೋಡಿದಳು. ಗಂಡನನ್ನು ನೋಡಿದಳು. ಅವಳ ತುಟಿ ಒಂದು ಸಲ ಅಲುಗಿತು. "ಮಗೂನ ಒಂದು ಮಾತು ಕೇಳಿ ಅಂದ್ರೆ" ಎಂದಳು.

"ಕೇಳಬಾರದು! ಕೇಳಿದರೆ ಹೇಳ್ತಾಳೆ. ಹೇಳಿದರೆ ನಮಗೆ ಗೊತ್ತಿದ್ದ ಹಾಗಾಗುತ್ತೆ. ಗೊತ್ತಿದ್ದೂ ಸುಮ್ಮನಿದ್ದರೆ ನಾವೂ ಕಳ್ಳರೇ."

ಯದುಗಿರಿ ಸೌಟು ಹಿಡಿದುಕೊಂಡು ಒಲೆಯ ಕಡೆ ಹೋದಳು. ಮೇಷ್ಟ್ರಿಗೆ ಬೇರೆ ಯೋಚನೆ ಹೊಳೆಯಲಿಲ್ಲ. ಊರಿನ ಈಶ್ವರನ ಗುಡಿಯ ಮುಂದೆ, ಕಲ್ಲು ಮುಟ್ಟಬಾರದೆಂದು ಸರ್ಕಾರದವರು ಹೊಸದಾಗಿ ನೀಲಿ ಬೋರ್ಡು ನೆಟ್ಟಿದ್ದರು. ಅದರ ಮುಂದೆಯೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಒಂದು ಚೂರು ಮುಟ್ಟಿದರೂ ಜೈಲು" ಎಂದು ಪಾಠ ಹೇಳಿದವರು ಅವರೇ. ಈಗ ಆ ಚೂರುಗಳು ಅವರ ಮಂಚದ ಕೆಳಗೇ ಸಿಕ್ಕಿವೆ. ಸುದ್ದಿ ಹೊರಬಿದ್ದರೆ ಬಡ್ತಿ ಹೋಯಿತು, ಮಾನ ಹೋಯಿತು. ಕಲ್ಲು ಎಲ್ಲಿಂದ ಬಂತೋ ಅಲ್ಲಿಗೇ ಸದ್ದಿಲ್ಲದೆ ಹೋಗಿ ಸೇರಬೇಕು.

ಊಟವಾದ ಮೇಲೆ, ಊರೆಲ್ಲ ಮಲಗುವ ಹೊತ್ತು ನೋಡಿ, ಮೇಷ್ಟ್ರು ತರಕಾರಿ ಚೀಲಕ್ಕೆ ಕಲ್ಲುಗಳನ್ನು ತುಂಬಿದರು. ಅನುಮಾನ ಬಾರದಿರಲೆಂದು ಮೇಲೆ ತೆಂಗಿನಕಾಯಿ, ಬಾಳೆಹಣ್ಣು, ಊದುಬತ್ತಿ ಇಟ್ಟರು. ಹಣೆಯ ನಾಮವನ್ನು ಹೊಸದಾಗಿ ತಿದ್ದಿಕೊಂಡರು.

"ನೀವು? ಈಶ್ವರನ ಗುಡಿಗೆ? ಹಣ್ಣುಕಾಯಿ ತಗೊಂಡು?" ಯದುಗಿರಿ ಬಾಗಿಲಲ್ಲೇ ನಿಂತಳು.

"ದೇವರೆಲ್ಲ ಒಂದೇ ಕಣೇ."

"ಮದುವೆಯಾದಾಗಿನಿಂದ ಈ ಮಾತು ಇವತ್ತೇ ಕೇಳಿದ್ದು."

ಮೇಷ್ಟ್ರು ಎಡವಿದ್ದು ಇಲ್ಲಿಯೇ. ಬೇಲೂರಿನ ಅಯ್ಯಂಗಾರರ ಮನೆತನದವರು, ವರ್ಷಗಟ್ಟಲೆ ಹಳೇಬೀಡಿನಲ್ಲಿದ್ದೂ ಆ ಗುಡಿಗೆ ಹೋದದ್ದು ಮಕ್ಕಳಿಗೆ ಪಾಠ ಹೇಳುವುದಕ್ಕೆ ಮಾತ್ರ. ಹಣ್ಣುಕಾಯಿಗೇನಿದ್ದರೂ ಬಸ್ಸು ಹತ್ತಿ ಬೇಲೂರಿನ ಚೆನ್ನಿಗರಾಯನ ಹತ್ತಿರವೇ ಹೋಗುತ್ತಿದ್ದರು. ಇದು ಊರಿನ ದನಕರುಗಳಿಗೂ ಗೊತ್ತಿದ್ದ ವಿಷಯ. ಅಂಥವರು ಎದ್ದು ಕಾಣುವ ಮೂರು ನಾಮ ಹಾಕಿಕೊಂಡು, ಒಂದು ಕಡೆ ಜೋಲುವ ಚೀಲ ಹೊತ್ತು, ಸುಡುವ ಬಿಸಿಲಲ್ಲಿ ಈಶ್ವರನ ದರ್ಶನಕ್ಕೆ ಬಂದರೆ ಕಾವಲುಗಾರ ದೇವೀರಪ್ಪನಿಗೆ ನಿದ್ದೆ ಎಲ್ಲಿಂದ ಬರಬೇಕು? ಮರದ ನೆರಳಲ್ಲಿ ಕಣ್ಣು ಮುಚ್ಚಿದಂತೆ ಮಾಡಿ ಒಂದು ರೆಪ್ಪೆ ಎತ್ತಿದ.

ಮೇಷ್ಟ್ರು ಒಳಗೆ ಹೋಗಲಿಲ್ಲ. ಗುಡಿಯ ಹಿಂದಕ್ಕೆ ಹೋದರು. ಗೋಡೆಯ ಕೆಳಸಾಲಿನ ಆನೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ತಮ್ಮ ಆನೆಗೆ ಜಾಗ ಹುಡುಕಿದರು. ಗೋಡೆಯ ಆನೆಗಳು ಕುಂಬಳಕಾಯಿಯಷ್ಟಿದ್ದವು, ಕೈಯಲ್ಲಿದ್ದದ್ದು ನಿಂಬೆಹಣ್ಣಿನಷ್ಟು. 'ಇದು ಎಲ್ಲೋ ಮೇಲಿನ ಸಾಲಿನದಿರಬೇಕು' ಎಂದು ಸಮಾಧಾನ ಮಾಡಿಕೊಂಡರು. ಕೈ ಮುರಿದ ಒಬ್ಬ ದೇವಿಯನ್ನು ಹುಡುಕಿ, ಆ ಬಳೆಗೈಯನ್ನು ಅವಳ ಭುಜಕ್ಕೆ ಹಿಡಿದು ನೋಡಿದರು. ಬೆರಳು ಹಿಂದುಮುಂದಾಯಿತು. ತಿರುಗಿಸಿ ಹಿಡಿದರು.

"ಏನ್ ಸಾಮಿ, ಕೀಳ್ತಾ ಇದೀರಾ?"

ಬೆನ್ನ ಹಿಂದೆ ದೇವೀರಪ್ಪ, ಕೈಯಲ್ಲಿ ದೊಣ್ಣೆ.

"ಕೀಳ್ತಿಲ್ಲಪ್ಪ. ಇಡ್ತಾ ಇದೀನಿ."

"ಇಡ್ತಾ ಇದೀರಾ?" ದೇವೀರಪ್ಪ ಆ ಮಾತನ್ನು ನಾಲಿಗೆಯ ಮೇಲೆ ಹೊರಳಾಡಿಸಿ ನೋಡಿದ. "ನಾನು ಕಾವಲಿಗೆ ಬಂದಾಗಿಂದ ಇಡೋರ್ನ ಒಬ್ರನ್ನೂ ಕಂಡಿಲ್ಲ ಸಾಮಿ. ಎಲ್ಲಾ ಕೀಳೋರೇಯ. ಚೀಲ ಬಿಚ್ಚಿ."

"ಹಣ್ಣುಕಾಯಿ ಕಣಯ್ಯಾ."

"ಹಣ್ಣುಕಾಯಿ ಇಷ್ಟು ಭಾರ ಇರಾಕಿಲ್ಲ."

ಚೀಲ ಬಿಚ್ಚಿದಾಗ ತೆಂಗಿನಕಾಯಿ ಉರುಳಿ ಕೆರೆಯ ಕಡೆ ಹೊರಟಿತು. ಅದರ ಹಿಂದೆ ಹಂಸ, ಆನೆ, ಕುಬೇರ ಒಬ್ಬೊಬ್ಬರಾಗಿ ಹೊರಬಂದರು. ಆಗಲೇ ಬಂದ ಬಸ್ಸಿನಿಂದ ಇಳಿದ ಯಾತ್ರಿಕರು ಗುಡಿ ನೋಡುವುದನ್ನು ಬಿಟ್ಟು ಮೇಷ್ಟ್ರನ್ನು ನೋಡಲು ನಿಂತರು. ಅವರ ನಡುವೆ ಮೇಷ್ಟ್ರ ಕ್ಲಾಸಿನ ಹುಡುಗರೂ ಇದ್ದರು. ಒಬ್ಬ ಪಕ್ಕದವನಿಗೆ, "ಒಂದು ಚೂರು ಮುಟ್ಟಿದರೂ ಜೈಲು" ಎಂದು ಪಾಠ ಒಪ್ಪಿಸಿದ. ಹುಡುಗ ಕಲಿತದ್ದನ್ನು ಮರೆತಿಲ್ಲವೆಂದು ಸಂತೋಷಪಡುವ ಸ್ಥಿತಿಯಲ್ಲಿ ಮೇಷ್ಟ್ರಿರಲಿಲ್ಲ.

ಗುಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಗೋಪಾಲಸ್ವಾಮಿ ಎಂಬ ಸಾಹೇಬರಿದ್ದರು. ಗೋಡೆಯ ರಿಪೇರಿ ಮಾಡಿಸಲು ಮೈಸೂರಿನಿಂದ ಬಂದವರು. ದೇವೀರಪ್ಪ ಕಲ್ಲುಗಳನ್ನು ಅವರ ಮೇಜಿನ ಮೇಲೆ ಸಾಲಾಗಿ ಇಟ್ಟು, ಕೊನೆಯಲ್ಲಿ ಮೇಷ್ಟ್ರನ್ನೂ ನಿಲ್ಲಿಸಿದ. ಸಾಹೇಬರು ಭೂತಕನ್ನಡಿ ತೆಗೆದು ಹಂಸವನ್ನು ತಿರುಗಿಸಿ ನೋಡಿದರು. ಆನೆಯನ್ನು ನೋಡಿದರು.

"ಇವು ಯಾರ ಕೈಯಿಂದ ನಿಮಗೆ ಬಂದವು ಮೇಷ್ಟ್ರೇ?"

ಮನೆಯಲ್ಲಿ 'ನಿನ್ನ ಮಗಳು' ಎಂದು ಹೆಂಡತಿಯ ಮೇಲೆ ಹಾಕಿದಷ್ಟು ಸುಲಭವಾಗಿ ಇಲ್ಲಿ ಆ ಹೆಸರು ಬಾಯಿಗೆ ಬರಲಿಲ್ಲ. ಸ್ಲೇಟು ಹಿಡಿದು ಓಡುವ ಚೆಲುವಿಯ ಕಾಲುಗಳು ನೆನಪಾದವು. ಈ ಜನರೆಲ್ಲ ಆ ಮಗುವಿನ ಕಡೆ ಹೀಗೆ ತಿರುಗಿ ನೋಡುವುದನ್ನು ನೆನೆಸಿಕೊಂಡರು. ಬಡ್ತಿ ಹೋದರೆ ಹೋಗಲಿ ಎನ್ನಿಸಿತು.

"ನಾನೇ" ಎಂದರು. "ನಾನೇ ಕಿತ್ತದ್ದು. ಆಮೇಲೆ ಮನಸ್ಸು ತಡೆಯಲಿಲ್ಲ. ವಾಪಸು ಇಡೋಕೆ ಬಂದೆ. ಬರೆದುಕೊಳ್ಳಿ."

"ನೀವೇ?" ಸಾಹೇಬರು ಕುಬೇರನನ್ನು ಎತ್ತಿಕೊಂಡರು. "ಇವನನ್ನೂ ನೀವೇ ಕಿತ್ತಿರಾ? ಇವನು ಯಾರು ಅಂತ ಗೊತ್ತೆ?"

ಎಷ್ಟಾದರೂ ಚರಿತ್ರೆಯ ಮೇಷ್ಟ್ರು. ಜೈಲಿನ ಬಾಗಿಲಲ್ಲಿ ನಿಂತರೂ ಪ್ರಶ್ನೆ ಕೇಳಿದರೆ ಉತ್ತರ ಬಾರದೆ ಇರುತ್ತದೆಯೇ? "ಕುಬೇರ ಸ್ವಾಮಿ. ಕಂಕುಳಲ್ಲಿ ಗದೆ. ಕಣ್ಣಿನ ಸುತ್ತಲಿನ ಬಳೆ ಉಗ್ರದೃಷ್ಟಿಯ ಲಕ್ಷಣ" ಎಂದು ಶುರುಮಾಡಿದರು.

ಅಷ್ಟರಲ್ಲಿ, ಮನೆಗೆ ಬಂದು ಬರಿದಾದ ಡಬ್ಬ ಕಂಡ ಚೆಲುವಿ, ಜನರ ಕಾಲಿನ ಸಂದಿಯಿಂದ ನುಗ್ಗಿ ಬಂದಳು. ಹಿಂದೆ ಯದುಗಿರಿ, ಏದುಸಿರು ಬಿಡುತ್ತಾ. ಅಪ್ಪನನ್ನು ಅಣ್ಣ ಎಂದು ಕರೆಯುವ ಮನೆ ಅವರದು.

"ಅಣ್ಣಾ, ನನ್ನ ಆನೆ ಯಾಕೆ ತಂದೆ? ಒಂದು ಸಲ ಕತ್ತಲಲ್ಲಿ ತುಳಿದು ಸೊಂಡಿಲು ಮುರಿದೆಯಲ್ಲ, ಸಾಲದೇ?"

ದೇವೀರಪ್ಪ ಆನೆಯನ್ನು ನೋಡಿ, ಮೇಷ್ಟ್ರ ಪಾದವನ್ನು ನೋಡಿದ.

"ಇದನ್ನೆಲ್ಲ ಯಾರಮ್ಮ ಮಾಡಿದ್ದು?" ಸಾಹೇಬರು ಬಗ್ಗಿ ಕೇಳಿದರು.

"ನಾನು. ಚನ್ನಪ್ಪನವರ ತೋಟದಲ್ಲಿ ಬಾವಿ ತೋಡಿದಾಗ ಬಳಪದ ಕಲ್ಲು ಬಂತು. ಅದು ಮೆತ್ತಗಿರುತ್ತೆ. ಕೈವಾರದಲ್ಲಿ ಕೆತ್ತಿ, ಛತ್ರಿ ಕಡ್ಡೀಲಿ ತೀಡಿ, ಹರಳೆಣ್ಣೆ ಹಚ್ಚಿದರೆ ಗುಡೀದರ ಹಾಗೇ ಆಗುತ್ತೆ."

ಮೇಷ್ಟ್ರು ತಮ್ಮ ಕೈವಾರ ಮತ್ತು ಛತ್ರಿ ಕಡ್ಡಿಯ ಸಮಾಚಾರವನ್ನು ಹೀಗೆ ಸಾರ್ವಜನಿಕವಾಗಿ ತಿಳಿದುಕೊಂಡರು. ಬೈಸಿಕೊಂಡ ಜವಾನನ ಮುಖವೂ ಕಣ್ಣ ಮುಂದೆ ಬಂತು.

"ಮೇಷ್ಟ್ರೇ," ಸಾಹೇಬರು ಗಿಡ್ಡ ಮೂರ್ತಿಯನ್ನು ಅವರ ಮೂಗಿನ ಮುಂದೆ ಹಿಡಿದರು, "ಎಂಟುನೂರು ವರ್ಷದ ಹಿಂದೆ ಕುಬೇರ ಕನ್ನಡಕ ಹಾಕ್ತಿದ್ದನೇ? ಕಂಕುಳಲ್ಲಿ ಛತ್ರಿ ಇಟ್ಟುಕೊಂಡು ಓಡಾಡ್ತಿದ್ದನೇ?"

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಕಲ್ಲಿನವನೂ ಕನ್ನಡಕದೊಳಗಿಂದ ಅವರನ್ನೇ ನೋಡುತ್ತಿದ್ದ. ಹೊಟ್ಟೆ ಅದೇ. ತೆರೆದ ಬಾಯಿಯೂ ಅದೇ. ದೇವೀರಪ್ಪ ದೊಣ್ಣೆ ಕೆಳಗಿಟ್ಟು, "ಅಯ್ಯೋ ಸಿವನೇ, ನಮ್ಮ ಸಾಮಿನೇ ಐತಲ್ಲ" ಎಂದ. ಯಾತ್ರಿಕರೆಲ್ಲ ನಕ್ಕರು. ಯದುಗಿರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಿನಗೆ ಮೊದಲೇ ಗೊತ್ತಿತ್ತೇನೆ?" ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು.

"ಮುಖ ನೋಡಿದ ಕೂಡಲೇ ಗೊತ್ತಾಯ್ತು. ಇವಳೇ ಮಾಡಿದ್ದಿರಬೇಕು ಅಂತ ಅನುಮಾನಾನೂ ಬಂತು. ಮಗೂನ ಕೇಳಿ ಅಂದೆ. ಕೇಳಬಾರದು ಅಂದಿರಿ."

ಸಾಹೇಬರು ಮಾತ್ರ ನಗು ನಿಲ್ಲಿಸಿ ಹಂಸವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು. "ಇದರ ಕತ್ತಿನ ತಿರುವು ನೋಡಿ. ಇದನ್ನು ಯಾರೂ ಹೇಳಿಕೊಟ್ಟಿಲ್ಲ ಅಲ್ಲವೇ? ನಿಮಗೆ ಬಡ್ತಿ ಅಂತ ಊರೆಲ್ಲ ಸುದ್ದಿ; ಅರಸೀಕೆರೆಗೆ ಹೋದರೂ ಭಾನುವಾರ ಬಸ್ಸಿನಲ್ಲಿ ಇವಳನ್ನ ಕರಕೊಂಡು ಬನ್ನಿ ಮೇಷ್ಟ್ರೇ. ನಮ್ಮ ರಿಪೇರಿ ಶಿಲ್ಪಿಗಳ ಪಕ್ಕ ಕೂರಿಸೋಣ. ಅವಳಿಗೊಂದು ಒಳ್ಳೆ ಉಳಿ ನಾನೇ ಕೊಡ್ತೀನಿ. ಪಾಪ, ನಿಮ್ಮ ಛತ್ರಿಯಾದರೂ ಉಳೀಲಿ."

ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಅವಮಾನಕ್ಕೋ ಸಂತೋಷಕ್ಕೋ ಅವರಿಗೇ ತಿಳಿಯಲಿಲ್ಲ. ಬಹುಶಃ ಸಂತೋಷಕ್ಕೇ. ಮನೆಗೆ ಹಿಂದಿರುಗುವಾಗ ಚೀಲವನ್ನು ಯಾರ ಕೈಗೂ ಕೊಡದೆ, ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ನಡೆದರು.

ಸಂಜೆ ನಡುಮನೆಯ ಮೂರು ವೃತ್ತಗಳು ಇನ್ನೂ ಹಾಗೆಯೇ ಇದ್ದವು. ಈ ಸಲ ಓರಣಕ್ಕೆ ಕೂತವಳು ಚೆಲುವಿ. ಅವಳ ಕಲ್ಲುಗಳಿಗೆ ಗಟ್ಟಿ ಟ್ರಂಕು ಬೇಕಲ್ಲ, ಅಪ್ಪನ ಟ್ರಂಕನ್ನು ಬರಿದು ಮಾಡುವುದೆಂದು ತೀರ್ಮಾನವಾಗಿತ್ತು. ಇಂಕು ಬಾಟಲಿ, ಒಂಟಿ ಬೂಟು, ಕ್ಯಾಲೆಂಡರುಗಳು ಒಂದಾದ ಮೇಲೊಂದು 'ಬಿಸಾಡು'ವಿಗೆ ಹೋದವು. ಆದರೆ ಅವಳು ಪ್ರತಿಯೊಂದಕ್ಕೂ, "ಇದು ಬೇಕಾ ಅಣ್ಣ?" ಎಂದು ಕೇಳುತ್ತಿದ್ದಳು. ಹಾಗೆ ಕೇಳಿದಾಗ 'ಬೇಡ' ಎನ್ನುವುದು ಎಷ್ಟು ಸುಲಭ ಎಂದು ಮೇಷ್ಟ್ರಿಗೆ ಆಶ್ಚರ್ಯವಾಯಿತು. ನವಿಲುಗರಿ ಮತ್ತೆ ಪುಸ್ತಕದೊಳಗೆ ಹೋಗಿ ಮಲಗಿತು.

ಕೊನೆಗೆ ಉಳಿದವನು ಕುಬೇರ.

"ಇವನು ಯಾವ ವೃತ್ತಕ್ಕೆ?" ಮೇಷ್ಟ್ರು ಕೇಳಿದರು. ಧ್ವನಿಯಲ್ಲಿ ಸ್ವಲ್ಪ ದಿಗಿಲಿತ್ತು.

ಚೆಲುವಿ ಮೂರ್ತಿಯನ್ನು ನೋಡಿ, ಅಪ್ಪನನ್ನು ನೋಡಿ, 'ಬೇಕು' ಎಂಬಲ್ಲಿ ಇಟ್ಟಳು. "ಉಳಿ ಬಂದ ಮೇಲೆ ಸ್ವಲ್ಪ ರಿಪೇರಿ ಇದೆ."

"ಹೊಟ್ಟೆ ಕಡಿಮೆ ಮಾಡ್ತೀಯೇನಮ್ಮ?"

"ಹೊಟ್ಟೆ ಇರಲಿ ಅಣ್ಣ. ಕಿವಿ ಇಡಬೇಕು."