ಅಂಚಿನಲ್ಲಿ ಎರಡಿಂಚು

"ಇನ್ನು ಮೇಲೆ ಈ ಮನೆ ಟಿವಿಯಲ್ಲಿ ಕಪ್ಪು ಪಟ್ಟಿ ಅನ್ನೋದು ಹುಡುಕಿದರೂ ಸಿಗಕೂಡದು!" ಎಂದು ಚಿಪ್ಪಣ್ಣ ಸೋಫಾದ ಮೇಲೆ ನಿಂತು ಘೋಷಿಸಿದ.

ಚಿಪ್ಪಣ್ಣ ಎಂಬುದು ಆಫೀಸಿನವರು ಇಟ್ಟ ಹೆಸರು. ಟಿವಿಯೊಳಗಿನ ಚಿಪ್ ವಿನ್ಯಾಸ ಮಾಡುವುದು ಅವನ ಕಸುಬು. ಹಳೇ ರೀತಿಯ ಚಿತ್ರ ಚೌಕ, ಈಗಿನ ಟಿವಿ ಅಗಲ. ಹಾಗಾಗಿ ಎಡಬಲದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಆ ಚಿತ್ರವನ್ನು ಅಡ್ಡಕ್ಕೆ ಹಿಗ್ಗಿಸಿ ಪರದೆ ತುಂಬಿಸುವ ಸರ್ಕ್ಯೂಟಿಗೆ ಚಿಪ್ಪಣ್ಣ ಮೂರು ವರ್ಷ ಸವೆಸಿದ್ದ. ಅದೂ ಎಂಥ ಹಿಗ್ಗಿಸುವಿಕೆ! ನಡುವೆ ಇರುವುದನ್ನು ಮುಟ್ಟುವುದೇ ಇಲ್ಲ. ಅಂಚಿನ ಕಡೆ ಹೋದಂತೆ ಮಾತ್ರ ಮೆಲ್ಲಮೆಲ್ಲನೆ ಎಳೆಯುವುದು! ಆ ಚಿಪ್ ಇದ್ದ ಹೊಸ ಟಿವಿ ಅವತ್ತು ಮನೆಗೆ ಬಂದಿತ್ತು. ರಿಮೋಟಿನಲ್ಲಿ ಅದಕ್ಕೆಂದೇ ಒಂದು ಗುಂಡಿ. ಒತ್ತಿದ. ಪಟ್ಟಿ ಮಾಯ!

"ಎಲ್ಲಿ ಎಳೆದಿದ್ದೀನಿ ಅಂತ ಯಾರ ಕಣ್ಣಿಗೂ ಗೊತ್ತಾಗಲ್ಲ ಕಣೇ!"

"ಹೂಂ ರೀ," ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ. ಅವಳ ಕಿವಿಗೆ ಒಂದಕ್ಷರವೂ ಬಿದ್ದಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಕೊರಳಲ್ಲಿ ಸದಾ ಅಳತೆ ಟೇಪು. ಊರಿನ ಟಿವಿ ಚಾನೆಲ್ಲಿನಲ್ಲಿ ವಾರ್ತೆ ಓದುವವನಿಗೆ ಒಂದು ಕೋಟು ಹೊಲಿದು ಕಳಿಸಿದ್ದಳು. ಅದು ಒಪ್ಪಿಗೆಯಾದರೆ ಚಾನೆಲ್ಲಿನ ಅಷ್ಟೂ ಜನರ ಬಟ್ಟೆ ಅವಳ ಮಿಷನ್ನಿಗೇ!

ಸಂಜೆ ವಾರ್ತೆ ಶುರುವಾಯಿತು. ಆ ಚಾನೆಲ್ಲಿನದು ಇನ್ನೂ ಹಳೇ ಚೌಕ ಚಿತ್ರ. ವಾರ್ತೆಯವನು ಎಡತುದಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಭೂಪಟ, ಮೇಲೆ ಗೋಡೆಯುದ್ದಕ್ಕೂ ಐದು ದುಂಡು ಗಡಿಯಾರ. ಹೆಂಡತಿ ಯಾರ ಮುಖವನ್ನೂ ನೋಡುವವಳಲ್ಲ, ಭುಜ ನೋಡುವವಳು. ನೋಡಿ ಹೌಹಾರಿದಳು.

"ರೀ, ಭುಜ ಎರಡಿಂಚು ಜಾಸ್ತಿ! ಅಳತೆ ನಾನೇ ತಗೊಂಡಿದ್ದೆನಲ್ರೀ... ಟಿವಿದೇನಾದ್ರೂ ತಪ್ಪಿರಬಹುದಾ?"

"ನನ್ನ ಚಿಪ್ ತಪ್ಪಾ?" ಚಿಪ್ಪಣ್ಣನಿಗೆ ಮೂಗಿನ ತುದಿಗೇ ಕೋಪ ಬಂತು. "ಮೂರು ವರ್ಷ ಹಗಲಿರುಳು ದುಡಿದಿದ್ದೀನಿ. ತಪ್ಪು ನಿನ್ನ ಟೇಪಿಂದು!"

ಹೆಂಡತಿ ಬೆಳಗ್ಗೆ ಕೋಟು ತರಿಸಿಕೊಂಡು ಎರಡಿಂಚು ಹಿಡಿದು ಹೊಲಿದು ವಾಪಸ್ಸು ಕಳಿಸಿದಳು.

ಆ ಸಂಜೆ ವಾರ್ತೆಯವನು ಭೂಪಟದ ಕಡೆ ಕೈ ಎತ್ತಿದ. ಪರ್ರ್ ಎಂದಿತು! ಕಂಕುಳಿಂದ ಬೆನ್ನಿನವರೆಗೆ ಹೊಲಿಗೆ ಬಿಟ್ಟು ಒಳಗಿನ ಬಿಳಿ ಅಂಗಿ ಇಡೀ ಊರಿಗೆ ದರ್ಶನ ಕೊಟ್ಟಿತು. ಚಿಪ್ಪಣ್ಣನ ಮನೆಯಲ್ಲಂತೂ ಆ ಹರಕು ಬೇರೆಯವರ ಮನೆಗಿಂತ ಅಗಲವಾಗಿಯೇ ಕಂಡಿತು.

ಚಾನೆಲ್ಲಿನಿಂದ ಫೋನು ಬಂತು. "ಏನಮ್ಮಾ, ಇದು ಕೋಟೋ, ದಿಂಬಿನ ಚೀಲವೋ? ನಾವು ಬೇರೆಯವರನ್ನ ನೋಡ್ಕೋತೀವಿ!"

ಹೆಂಡತಿಯ ಕಣ್ಣು ತುಂಬಿತು. ಆದರೂ ಅವಳು ಪರದೆಯನ್ನೇ ದಿಟ್ಟಿಸುತ್ತಿದ್ದಳು.

"ರೀ, ಈ ಗಡಿಯಾರಗಳೆಲ್ಲ ಒಂದೇ ಥರದವು ತಾನೇ?"

"ಹೌದು, ಯಾಕೆ?"

ಟೇಪು ಕೊರಳಿನಿಂದ ಇಳಿಯಿತು. "ನಡುವಿನ ಗಡಿಯಾರ. ಎತ್ತರ ನಾಲ್ಕು, ಅಗಲ ನಾಲ್ಕು." ಎಡತುದಿಗೆ ಬಂದಳು. "ಇದು ಎತ್ತರ ನಾಲ್ಕು, ಅಗಲ... ಆರು! ಅದು ಗುಂಡು, ಇದು ಮೊಟ್ಟೆ! ಏನ್ರೀ ಇದು?"

ಅಂಚನ್ನು ಎಳೆದದ್ದು ತನ್ನ ಚಿಪ್ಪೇ ಎಂದು ಚಿಪ್ಪಣ್ಣನಿಗೆ ಆಗ ಹೊಳೆಯಿತು. ಆದರೂ ಹೆಮ್ಮೆ ಸುಮ್ಮನಿರಬೇಕಲ್ಲ! "ಆದ್ರೂ ಎಷ್ಟು ನುಣುಪಾಗಿ ಎಳೆದಿದ್ದೀನಿ ನೋಡು, ಎಲ್ಲಿಂದ ಶುರುವಾಯ್ತು ಅಂತಾನೇ..."

"ರಿಮೋಟ್ ಕೊಡ್ರೀ."

ಕೊಟ್ಟ. ಅವನು ತೋರಿಸಿದ ಗುಂಡಿ ಒತ್ತಿದಳು. ಕಪ್ಪು ಪಟ್ಟಿಗಳು ಮರಳಿದವು. ಐದೂ ಗಡಿಯಾರ ದುಂಡಗಾದವು.

"ಈಗೇನು ಮಾಡೋದು? ಬಟ್ಟೆ ಕತ್ತರಿಸಿಬಿಟ್ಟಿದ್ದೀಯಲ್ಲ?" ಚಿಪ್ಪಣ್ಣ ಕೈಕೈ ಹಿಸುಕಿಕೊಂಡ.

"ಯಾರು ಹೇಳಿದ್ದು? ನಿಮ್ಮ ಮಾತು ಕೇಳಿ ಹಿಡಿದು ಹೊಲಿದೆ. ಕತ್ತರಿ ಹಾಕೋವಷ್ಟು ನಂಬಲಿಲ್ಲ!"

ಹರಿದದ್ದು ಬರೀ ದಾರ. ಮಾರನೇ ದಿನ ಅವಳು ಚಾನೆಲ್ಲಿನಲ್ಲೇ ಕೂತು ಅರ್ಧ ಗಂಟೆಯಲ್ಲಿ ಕೋಟನ್ನು ಮೊದಲಿನ ಅಳತೆಗೆ ತಂದಳು. ಚಿಪ್ಪಣ್ಣ ಪಕ್ಕದಲ್ಲಿ ನಿಂತು, ಮದುವೆಯಾದಾಗಿನಿಂದ ಹೇಳದ ಮಾತನ್ನು ಹತ್ತು ಜನರ ಎದುರು ಹೇಳಿದ: "ತಪ್ಪು ಇವಳದಲ್ಲ ಸಾರ್, ನಂದು." ವಾರ್ತೆಯವನು ಕೋಟು ತೊಟ್ಟು ಎರಡೂ ಕೈ ಮೇಲೆತ್ತಿದ. ಒಂದು ಎಳೆಯೂ ಮಿಸುಕಲಿಲ್ಲ. ಇಡೀ ಚಾನೆಲ್ಲಿನ ಹೊಲಿಗೆ ಅವಳ ಪಾಲಾಯಿತು. ಚಿಪ್ಪಣ್ಣನ ಎದೆ ಉಬ್ಬಿತು, ಈ ಸಲ ಚಿಪ್ಪಿನ ದೆಸೆಯಿಂದಲ್ಲ.

ಆ ವಾರವೇ ಹೆಂಡತಿ ಉಳಿದ ಕೋಟಿನ ಬಟ್ಟೆಯಲ್ಲಿ ರಿಮೋಟಿಗೊಂದು ಅಂಗಿ ಹೊಲಿದಳು. ಗುಂಡಿಗಳಿಗೆ ಪುಟ್ಟಪುಟ್ಟ ಕಿಂಡಿ, ಕಿಂಡಿಯ ಸುತ್ತ ಕೈಹೊಲಿಗೆ! ಚಿಪ್ಪಣ್ಣನಿಗೆ ತಡೆಯಲಾಗಲಿಲ್ಲ. ಅದನ್ನು ಆಫೀಸಿಗೇ ಒಯ್ದು ಮೇಜಿನಿಂದ ಮೇಜಿಗೆ ಮೆರೆಸಿದ. "ನನ್ನ ಹೆಂಡತಿ ಕೈಕೆಲಸ! ನೂಲೆಳೆಯಷ್ಟೂ ಆಚೀಚೆ ಇಲ್ಲ, ಬೇಕಾದ್ರೆ ಅಳೆದು ನೋಡಿ!"

ಮ್ಯಾನೇಜರು ತಿರುಗಿಸಿ ಮುರುಗಿಸಿ ನೋಡಿದರು. "ಭೇಷ್! ಆದ್ರೆ ಒಂದೇ ಒಂದು ಗುಂಡಿಗೆ ಕಿಂಡಿ ಬಿಡದೆ ಎರಡು ಪದರ ಹಾಕಿ ಹೊಲಿದುಬಿಟ್ಟಿದ್ದಾರಲ್ಲ, ಅದು ಯಾವುದ್ರೀ?"

ಚಿಪ್ಪಣ್ಣ ಗಂಟಲು ಸರಿಮಾಡಿಕೊಂಡ.

"ಅದು... ನಂದೇ ಸಾರ್."